ಹೊಳೆಯ ದಂಡೆಯಲ್ಲಿ ನಿಂತ ಸೋದರಮಾವ

ಆರತಿ ರೊಟ್ಟಿ ಬಡಿಯುತ್ತಿದ್ದಳು. ಒಂದು ಹಂಚಿನ ಮೇಲೆ ಉಬ್ಬುತ್ತಿತ್ತು, ಇನ್ನೊಂದು ಅವಳ ಅಂಗೈ ಕೆಳಗೆ ತಿರುಗುತ್ತ ಅಗಲವಾಗುತ್ತಿತ್ತು. ಗಂಡ ಸಂಜುಕುಮಾರ ಬೀದರದ ಹೊರಗಿನ ಕೊಳಾರದ ಗೋದಾಮಿಗೆ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಮಗಳು ಸಿದ್ದೇಶ್ವರಿ ಮೂಲೆಯಲ್ಲಿ ಕೂತು ಶಾಲೆಯ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಅಡುಗೆಮನೆಯ ಬಾಗಿಲ ಬಳಿಯ ಮರದ ತೊಟ್ಟಿಲಲ್ಲಿ ಕೂಸು ತನ್ನ ಮುಷ್ಟಿಯನ್ನು ತಾನೇ ಚೀಪುತ್ತ ಮಲಗಿತ್ತು.

ಅಷ್ಟರಲ್ಲಿ ಓಣಿಯ ಆ ಬದಿಯಿಂದ ಒಬ್ಬ ಹೆಂಗಸು ಹಾಡತೊಡಗಿದಳು. ದನಿ ಮೂಗಿನಿಂದ ಬಂದಂತಿತ್ತು. ಹಿಂದೆ ಬಾಣಲೆಯಲ್ಲಿ ಏನೋ ಕರಿಯುವ ಹಾಗೆ ಚರಚರ ಸದ್ದು. ಹಾಡು ಮಾತ್ರ ಆರತಿಯದೇ. ಅಂದರೆ ಅವಳ ಗಂಡನ ಮನೆಯದು, ದಿನಾ ಬೆಳಿಗ್ಗೆ ಅವಳು ಕೂಸಿಗೆ ಹೇಳುವ ತೊಟ್ಟಿಲ ಹಾಡು. ಕೈ ಹಿಟ್ಟಿನಲ್ಲಿತ್ತು, ಬಾಯಿ ತಾನಾಗಿ ಜೊತೆಗೂಡಿತು.

ಬೀದರದ ಮಾವಯ್ಯ ಕುಲಾಯಿ ತಂದಾನ
ಭಾಲ್ಕಿಯ ಮಾವಯ್ಯ ಉಡದಾರ ತಂದಾನ

ಕುಲಾಯಿಯ ಕಸೂತಿ, ಉಡದಾರದ ಗೆಜ್ಜೆ ಎಲ್ಲದರ ವರ್ಣನೆ ಮುಗಿದ ಮೇಲೆ ಹಾಡು ನಿಂತಿತು. ಅಲ್ಲಿ ಅದು ನಿಲ್ಲಬೇಕಾದ್ದೇ. ಆರತಿ ಕೈಗಂಟಿದ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿ ಎದ್ದಳು. ಕೂಸನ್ನು ಎತ್ತಿ, ತಲೆಯಿದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ ಮಾಡಿ ಮಲಗಿಸಿ, ಬಂದು ಕೂತಳು. ಕೂಸಿಗೂ ಇದು ರೂಢಿಯಾಗಿತ್ತು, ಅಳಲಿಲ್ಲ. ಹಾಡು ಮತ್ತೆ ಸುರುವಾಗಿ ತನ್ನ ಪಾಡಿಗೆ ಮುಂದೆ ಹೋಯಿತು.

ಔರಾದಿನ ಮಾವಯ್ಯ ನಡಕೊಂತ ಬರತಾನ
ಮಾಂಜ್ರಿಯ ದಂಡಿಗಿ ಬಂದು ನಿಂತಾನ

ಮುಗಿಯಿತು. ಮುಗಿದ ಮೇಲೆ ಆ ಹೆಂಗಸು, ಸಂತೆಯಲ್ಲಿ ಯಾರೋ ಹೆಸರು ಕೇಳಿದರೆ ಹೇಳುವಷ್ಟು ಚುರುಕಾಗಿ, "ಮೇರಾ ನಾಮ್ ಚಂದಾಬಾಯಿ, ಔರಾದ್‌ವಾಲಿ" ಎಂದಳು.

ಆಗ ಆರತಿಗೆ ಎಚ್ಚರವಾಯಿತು. ಈ ಹಾಡು ಬರುವುದು ಖಟಕ ಚಿಂಚೋಳಿಯಲ್ಲಿರುವ ತನ್ನ ಗಂಡನ ಮನೆತನಕ್ಕೆ ಮಾತ್ರ. ಬೀದರ ಶಹರದ ಈ ಓಣಿಯಲ್ಲಿ ಅದನ್ನು ಬಲ್ಲವಳು ತಾನೊಬ್ಬಳೇ, ಮತ್ತು ತಾನು ಹಾಡು ಸುರುಮಾಡಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸುಟ್ಟಿತು.

"ಅವ್ವಾ, ನಮ್ಮ ಹಾಡ ಯಾರ್ ಹಾಡ್ಲತ್ತಾರ?" ಎಂದಳು ಸಿದ್ದೇಶ್ವರಿ.

ಆರತಿ ಒಲೆ ಆರಿಸಿದಳು.

ಖಟಕ ಚಿಂಚೋಳಿಯ ಆ ಮನೆತನದಲ್ಲಿ ಕೂಸಿಗೆ ಹೆಸರಿಡುವ ದಿನ ಈ ಹಾಡಾಗಬೇಕು. ಹಾಡುವವರು ಗಂಗುಬಾಯಿ ಆಯಿ. ಅವರು ಸಂಜುಕುಮಾರನ ಅಜ್ಜಿ, ಅವನಪ್ಪನ ತಾಯಿ. ಹಾಡಿಗೆ ಕೆಲವು ಕಟ್ಟಳೆಗಳಿದ್ದವು. ನಡುವೆ ಹಾಡು ನಿಂತಾಗ ಕೂಸನ್ನು ತಿರುವಿ ಹಾಕಬೇಕು. ತಿರುವದಿದ್ದರೆ ಆಯುಷ್ಯ ಒಂದೇ ಮಗ್ಗುಲಿಗೆ ಕೂಡುತ್ತದೆ. ಹಾಡು ಮುಗಿದ ಮೇಲೆ ಕೂಸಿನ ಕಿವಿಯಲ್ಲಿ ಮೊದಲು "ಚಂದಾಬಾಯಿ" ಎಂದು ಕರೆದು, ಆಮೇಲೆ ಇಡಬೇಕಾದ ಹೆಸರಿಡಬೇಕು. ಗಂಡು ಕೂಸಾದರೂ ಅಷ್ಟೇ. ಆರತಿಯ ಮಾವ ಮಡೆಪ್ಪ ಕುರಿ ಹಿಂಡು ಕಟ್ಟಿದವರು, ಮೀಸೆಯ ತುದಿಗೆ ಎಣ್ಣೆ ಹಚ್ಚುವವರು. ಅವರೂ ಮೊದಲು ಚಂದಾಬಾಯಿಯೇ, ಆಮೇಲೆ ಮಡೆಪ್ಪ. ಚಂದಾಬಾಯಿ ಎಂದರೆ ಔರಾದಿನ ಕಡೆಯ ದೇವಿ ಇರಬೇಕೆಂದು ಅವರು ಒಮ್ಮೆ ತೆಂಗಿನಕಾಯಿ ಹಿಡಿದು ಔರಾದಿಗೆ ಹೋಗಿ, ಬಜಾರದಲ್ಲೆಲ್ಲ ಗುಡಿ ವಿಚಾರಿಸಿದ್ದರು. ಯಾರಿಗೂ ಗೊತ್ತಿರಲಿಲ್ಲ. ಕಾಯಿಯನ್ನು ಅಮರೇಶ್ವರನಿಗೆ ಒಡೆಸಿ ಬಂದು, ದೇವಿ ಇನ್ನೂ ದರ್ಶನ ಕೊಡುವ ಮನಸ್ಸು ಮಾಡಿಲ್ಲ ಎಂದು ಮನೆಯಲ್ಲಿ ಹೇಳಿದ್ದರು.

ಈ ಎರಡು ಕಟ್ಟಳೆಗಳನ್ನೂ ಆರತಿ ಮದುವೆಯಾಗಿ ಬಂದ ವರ್ಷವೇ ನಗುನಗುತ್ತ ಒಪ್ಪಿಕೊಂಡಿದ್ದಳು. ಅವಳಿಗೆ ನಗು ಬಾರದಿದ್ದದ್ದು ಮೂರನೆಯದಕ್ಕೆ.

ಹಾಡಿನಲ್ಲಿ ಮೂರನೆಯ ಸೋದರಮಾವ ಮಾಂಜ್ರಾ ಹೊಳೆಯ ದಂಡೆಗೆ ಬಂದು ನಿಲ್ಲುತ್ತಾನೆ. ದಾಟುವುದಿಲ್ಲ. ಅವನು ಏನು ತಂದ ಎಂಬುದೂ ಹಾಡಿನಲ್ಲಿಲ್ಲ. ಆದ್ದರಿಂದ ಹೆಸರಿಡುವ ದಿನ ಕೂಸಿನ ಒಬ್ಬ ಸೋದರಮಾವ ಅಂಗಳದ ಗೇಟಿನ ಹೊರಗೆ ನಿಲ್ಲಬೇಕು. ಅವನು ತಂದದ್ದನ್ನು ತೊಟ್ಟಿಲಿಗೆ ಹಾಕುವಂತಿಲ್ಲ. ಊಟ ಹೊರಗಿನ ಕಟ್ಟೆಯ ಮೇಲೆ. ಕೂಸಿನ ಮುಖ ನೋಡುವುದು ಮರುದಿನ. ಒಬ್ಬನೇ ಸೋದರಮಾವನಿದ್ದರೆ ಅವನೇ ಮೂರನೆಯವನು. ಮೊದಲಿಬ್ಬರ ಕೆಲಸವನ್ನು ಓಣಿಯ ಯಾರಾದರೂ ಮಾಡಬಹುದು.

ಆರತಿಗಿದ್ದವನು ಒಬ್ಬನೇ ತಮ್ಮ, ಓಂಪ್ರಕಾಶ. ತವರು ಔರಾದೇ ಆದ್ದರಿಂದ ಅವನ ವಿಷಯದಲ್ಲಿ ಚರ್ಚೆಗೂ ಆಸ್ಪದವಿರಲಿಲ್ಲ. ಸಿದ್ದೇಶ್ವರಿಯ ಹೆಸರಿಡುವ ದಿನ ಅವನು ಹೊಸ ಅಂಗಿ ಹಾಕಿಕೊಂಡು, ಬೆಳ್ಳಿಯ ಕಾಲ್ಗಡಗ ತೆಗೆದುಕೊಂಡು, ಅಕ್ಕನ ಮೊದಲ ಕೂಸೆಂದು ಸಡಗರದಿಂದ ಬಂದಿದ್ದ. ಅವನನ್ನು ಗೇಟಿನ ಹೊರಗೆ ನಿಲ್ಲಿಸಿದರು. ಮೊದಲು ಅವನು ಚೇಷ್ಟೆ ಎಂದುಕೊಂಡ. ಒಳಗೆ ಹಾಡಾಯಿತು, ಹೆಸರಾಯಿತು, ಗುಗ್ಗರಿ ಹಂಚಿದ್ದಾಯಿತು. ಪಕ್ಕದ ಮನೆಯ ಕಿರಾಣಿಯವನು ಬೀದರದ ಮಾವನಾಗಿ ಕುಲಾಯಿ ಹಾಕಿ ಹೊರಗೆ ಬಂದು, ಇವನ ಕೈಗೂ ಒಂದಿಷ್ಟು ಗುಗ್ಗರಿ ಕೊಟ್ಟ. ಓಂಪ್ರಕಾಶ ಕಟ್ಟೆಯ ಮೇಲೆ ಕೂತು ಉಂಡ. ಕಾಲ್ಗಡಗವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೇ ಹಿಂದಿರುಗಿದ. ಜಗಳವಾಡಲಿಲ್ಲ. ಜಗಳವಾಡಿದ್ದರೆ ಮುಗಿದು ಹೋಗುತ್ತಿತ್ತು. ಅಂದಿನಿಂದ ಫೋನು ಮಾಡಿದಾಗಲೆಲ್ಲ ಅಕ್ಕನ ಜೊತೆ ಅವನು ಮಳೆಯ ವಿಷಯ ಮಾತಾಡುತ್ತಾನೆ, ಬಸ್ಸಿನ ವಿಷಯ ಮಾತಾಡುತ್ತಾನೆ.

ಈಗ ಗಂಡು ಕೂಸು. ಆಯಿಯ ಕಣ್ಣಿನ ಆಪರೇಷನ್ನಿನಿಂದಾಗಿ ಹೆಸರಿಡುವುದು ತಿಂಗಳುಗಟ್ಟಲೆ ಮುಂದೆ ಹೋಗಿತ್ತು. ಆ ದಿನ ಬೇರೆ ಯಾರೂ ಹಾಡುವಂತಿರಲಿಲ್ಲ. ಲಸಿಕೆಯ ಕಾರ್ಡಿನಲ್ಲಿ ಇನ್ನೂ "ಆರತಿಯ ಗಂಡು ಮಗು" ಎಂದೇ ಇತ್ತು. ಮುಂದಿನ ಸೂಜಿ ಹಾಕಿಸಿಕೊಳ್ಳುವ ಹೊತ್ತಿಗೆ ಕೂಸೇ ತನ್ನ ಹೆಸರು ಹೇಳುವ ಹಾಗಾಗಬಾರದು ಎಂದು ನರ್ಸ್ ಫ್ಲಾರೆನ್ಸ ಮೇಡಂ ನಗದೆ ಹೇಳಿದ್ದರು. ಬರುವ ರವಿವಾರ ಎಂದು ನಿಕ್ಕಿಯಾದಾಗ ಆರತಿ ತಮ್ಮನಿಗೆ ಫೋನು ಮಾಡಿದಳು. ಅವನು ಬರುತ್ತೇನೆಂದ. ಭಾಲ್ಕಿಯ ತನಕ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ, ಎಲ್ಲ ಮುಗಿದ ಮೇಲೆ ಫೋನು ಮಾಡು, ಹೇಗೂ ಹೊರಗೇ ನಿಲ್ಲುವವನು, ಭಾಲ್ಕಿಯಲ್ಲಾದರೆ ನೆರಳಿನಲ್ಲಿ ನಿಲ್ಲುತ್ತೇನೆ ಎಂದ. ಅದನ್ನೂ ಬಸ್ಸಿನ ವಿಷಯ ಹೇಳುವ ದನಿಯಲ್ಲೇ ಹೇಳಿದ. ತಮ್ಮ ಒಳಗೆ ಬಂದು ತನ್ನ ಕೈಯಾರೆ ಕೂಸಿನ ತೊಟ್ಟಿಲಿಗೆ ಏನಾದರೂ ಹಾಕಬೇಕು, ಒಂದು ದಾರದೆಳೆಯಾದರೂ ಸರಿ, ಎಂಬುದು ಬಿಟ್ಟರೆ ಆರತಿಗೆ ಈ ಸಮಾರಂಭದಿಂದ ಬೇರೇನೂ ಬೇಕಿರಲಿಲ್ಲ.

ಆ ಬೆಳಿಗ್ಗೆ ಶಾಲೆಗೆ ಇನ್ನೂ ಹೊತ್ತಿತ್ತು. ಅವಳು ಕೂಸನ್ನು ಸೊಂಟಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಓಣಿ ದಾಟಿದಳು. ಹಾಡು ಬಂದದ್ದು ಫಕ್ರೋದ್ದೀನ ಚಾಚಾನ ಅಂಗಡಿಯಿಂದ.

ಫಕ್ರೋದ್ದೀನ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ. ಈಗ ಮಿಕ್ಸರು, ಫ್ಯಾನು ಮಾಡುತ್ತಾನೆ. ಬೋರ್ಡು ಮಾತ್ರ ರೇಡಿಯೋದ್ದೇ ಇದೆ. ಹೊಸದಾಗಿ ತೆರೆಯುವ ಹೋಟೆಲಿನವರೊಬ್ಬರು ಗಿರಾಕಿಗಳು ನೋಡಲೆಂದು ಹಳೆಯ ಗ್ರಾಮೋಫೋನು ತಂದು ಕೊಟ್ಟಿದ್ದರು. ಅದು ಹಾಡುವುದೇನೂ ಬೇಡ, ಹಿತ್ತಾಳೆಯ ಕೊಳವೆ ಹೊಳೆದರೆ ಸಾಕು ಎಂದಿದ್ದರು. ಫಕ್ರೋದ್ದೀನನಿಗೆ ಇದು ಅವಮಾನವೆನಿಸಿ, ಮೊದಲು ಅದು ಹಾಡುವಂತೆ ಮಾಡಿದ್ದ. ಹಿತ್ತಾಳೆ ಇನ್ನೂ ಹಾಗೇ ಕಪ್ಪಗಿತ್ತು.

ಆರತಿ ಆ ಹಾಡನ್ನು ಮತ್ತೆ ಹಾಕಲು ಕೇಳಿದಳು. ಅವನು ಹಿಡಿಕೆ ತಿರುವಿ ಕಪ್ಪು ಪ್ಲೇಟಿನ ಮೇಲೆ ಮುಳ್ಳಿಟ್ಟ. ಬೀದರದ ಮಾವ ಬಂದ, ಭಾಲ್ಕಿಯ ಮಾವ ಬಂದ, ಹಾಡು ನಿಂತಿತು. ಫಕ್ರೋದ್ದೀನ ಪ್ಲೇಟನ್ನು ಎತ್ತಿ, ತಿರುವಿ ಹಾಕಿ, ಮತ್ತೆ ಮುಳ್ಳಿಟ್ಟ. ಆರತಿ ಸೊಂಟದ ಮೇಲಿನ ಕೂಸನ್ನು ನೋಡಿದಳು. ಕೂಸು ತನ್ನನ್ನು ಯಾರೂ ತಿರುವಲಿಲ್ಲವೆಂದು ಅವಳನ್ನೇ ನೋಡುತ್ತಿತ್ತು.

"ನಡಕ ಯಾಕ ನಿಲ್ತದರಿ ಚಾಚಾ?"

"ಒಂದು ಮಗ್ಗಲಿಗಿ ಅಷ್ಟೇ ಹಿಡಸ್ತದ ಬೇಟಿ. ಮೂರು ಮಿನಿಟು, ಇಲ್ಲಾಂದ್ರ ಮ್ಯಾಲ ಒಂದು ಚೂರು. ರಾತ್ರಿತನಕ ಹಾಡೋ ಹಾಡಿದ್ರೂ ಅಷ್ಟರಾಗೇ ಮುಗಸಬೇಕು. ಕಂಪನಿ ಸಾಹೇಬ ಬಾಜೂಕ ನಿಂತು, ಬಸ್, ಅಂತ ಕೈ ಮಾಡ್ತಿದ್ದ. ಕೈ ಮಾಡಿದ ಮ್ಯಾಲ ರಾಜಾನ ಕಥಿ ಇದ್ರೂ ಅಲ್ಲೇ ಬಿಡಬೇಕು."

ಹೆಸರು ಯಾಕೆ ಹೇಳುತ್ತಾಳೆ ಎಂದು ಕೇಳಿದ್ದಕ್ಕೆ ಅವನು ನಕ್ಕ. ಆ ಕಾಲದಲ್ಲಿ ದನಿ ತುಂಬಿಕೊಂಡು ಪ್ಲೇಟು ಒತ್ತಿಸಲು ವಿಲಾಯತಿಗೆ ಕಳಿಸುತ್ತಿದ್ದರಂತೆ. ಅಲ್ಲಿಯ ಕಾರ್ಖಾನೆಯವನಿಗೆ ಇದು ಔರಾದಿನವಳೋ ಆಗ್ರಾದವಳೋ ಹೇಗೆ ತಿಳಿಯಬೇಕು? ಅದಕ್ಕೇ ಹಾಡಿನವಳು ಕೊನೆಗೆ ಹೆಸರು ಕೂಗಿಬಿಡುತ್ತಿದ್ದಳು, ಪಾರ್ಸಲ್ಲಿನ ಮೇಲೆ ಪತ್ತಾ ಬರೆದ ಹಾಗೆ. ಮಡೆಪ್ಪನವರ ಕಿವಿಯಲ್ಲಿ, ತನ್ನ ಗಂಡನ ಕಿವಿಯಲ್ಲಿ, ತನ್ನ ಮಗಳ ಕಿವಿಯಲ್ಲಿ ಉಸುರಿದ್ದು ಪಾರ್ಸಲ್ಲಿನ ಪತ್ತಾ ಎಂಬುದನ್ನು ಆರತಿ ಸಾವಕಾಶವಾಗಿ ನುಂಗಿಕೊಂಡಳು.

ಫಕ್ರೋದ್ದೀನನಿಗೆ ಕೇಳುವವರು ಸಿಕ್ಕಿದ್ದರು, ಅವನು ಬಿಡಲಿಲ್ಲ. ಅವನ ಅಜ್ಜ ಇಂಥದೇ ಡಬ್ಬಿ ಹೊತ್ತು ಮದುವೆಮನೆಗಳಿಗೆ ಹೋಗುತ್ತಿದ್ದನಂತೆ. ಖಟಕ ಚಿಂಚೋಳಿಗೂ ಹೋಗಿರಬೇಕು, ಊಟ ಹಾಕುವ ಊರು ಯಾವುದನ್ನೂ ಅಜ್ಜ ಬಿಟ್ಟಿರಲಿಲ್ಲ. ಈ ಚಂದಾಬಾಯಿ ಹಳ್ಳಿಯ ಹೆಂಗಸರಿಂದಲೇ ಹಾಡು ಕಲಿತು ಹಾಡಿದವಳು. ಆದರೆ ಪ್ಲೇಟು ಊರೂರು ತಿರುಗಿದ ಮೇಲೆ, ಕಲಿಸಿದ ಹೆಂಗಸರೇ ಅದನ್ನು ಕೇಳಿ ತಮ್ಮ ಹಾಡನ್ನು ತಿದ್ದಿಕೊಂಡರು. ಆಮೇಲೆ ಹೈದರಾಬಾದಿನ ರೇಡಿಯೋ ಬಂತು, ಅವರೂ ಅದೇ ಪ್ಲೇಟು ಹಾಕಿದರು.

"ಈಗ ಮೊಬೈಲಿನಾಗ ಕೇಳು, ಎಲ್ಲಾ ಹಾಡೂ ಅಷ್ಟುದ್ದೇ ಇರ್ತಾವ. ಪ್ಲೇಟು ಹೋಗ್ಯದ, ಅಳತಿ ಹೋಗಿಲ್ಲ," ಎಂದ.

"ಹಂಗಾದ್ರ ಚಾಚಾ, ಉಳದ..." ಎಂದು ಸಿದ್ದೇಶ್ವರಿ ಬಾಯಿ ತೆರೆದಳು.

ಶಾಲೆಗೆ ತಡವಾಗುತ್ತದೆ ಎಂದು ಆರತಿ ಅವಳ ಕೈ ಒತ್ತಿದಳು. ದಾರಿಯಲ್ಲಿ ತಿಳಿಹೇಳಿದಳು. ಇಲ್ಲಿ ಕೇಳಿದ್ದನ್ನು ಊರಲ್ಲಿ ಆಯಿಯ ಮುಂದೆ ಆಡಬಾರದು, ಆಯಿಗೆ ಬೇಸರವಾಗುತ್ತದೆ. ಸಿದ್ದೇಶ್ವರಿ ತಾನು ಅದನ್ನು ಆಡುವುದಿಲ್ಲ, ತನ್ನದು ಬೇರೆ ಒಂದು ಮಾತಿದೆ ಎಂದಳು. ಅದನ್ನೂ ಆಡಬೇಡ ಎಂದಳು ಆರತಿ.

ಸಂಜೆ ಸಂಜುಕುಮಾರ ಬಂದಾಗ ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ಚಹಾ ಕುಡಿಯುತ್ತ, ಮುಖದಲ್ಲಿ ಏನೂ ತೋರಿಸದೆ ಕೇಳಿದ. ಕಂಪನಿಯ ಸಾಹೇಬನೊಬ್ಬ ಕೈ ಎತ್ತಿದ್ದರಿಂದ ಸೋದರಮಾವ ಹೊಳೆಯ ದಂಡೆಯಲ್ಲೇ ಉಳಿದಿದ್ದಾನೆ, ಆ ಕಾರಣಕ್ಕೆ ತನ್ನ ತಮ್ಮ ಗೇಟಿನಲ್ಲಿ ನಿಲ್ಲುತ್ತಿದ್ದಾನೆ, ಎಂದು ಆರತಿ ಮತ್ತೊಮ್ಮೆ ಬಿಡಿಸಿ ಹೇಳಿದಳು. ಸಂಜುಕುಮಾರ ಚಹಾದ ಬಸಿಯನ್ನು ಕೆಳಗಿಟ್ಟ.

"ನಾನೂ ಚಂದಾಬಾಯಿನೇ ಇದ್ದೀನಿ. ಒಂದಿನರ ತಕರಾರ್ ಮಾಡೀನೇನು?"

ಆಮೇಲೆ ಅವನು ನಿಧಾನವಾಗಿ ಹೇಳಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆಯಿಗೆ ಕಣ್ಣು ಕಾಣುವುದು ಕಮ್ಮಿಯಾಗಿದೆ. ಕುರಿ ಎಣಿಸಲು ಕರೆಯುವುದಿಲ್ಲ, ಒಲೆಯ ಹತ್ತಿರ ಬಿಡುವುದಿಲ್ಲ. ಕೂಸು ಹುಟ್ಟಿದಾಗ ಮಾತ್ರ ಮನೆಯವರೆಲ್ಲ ಅವಳ ಮುಂದೆ ಬಂದು ಕೂರುತ್ತಾರೆ. ಈಗ ಹೋಗಿ, ಆಯಿ, ನಿನ್ನ ಹಾಡು ಬಾಡಿಗೆ ಡಬ್ಬಿಯದು ಎಂದು ಹೇಳುವುದು ಹೇಗೆ? ಅದೂ ಸೊಸೆಯಾದವಳು, ತನ್ನ ತಮ್ಮನನ್ನು ಒಳಗೆ ಕರೆದುಕೊಳ್ಳುವ ಸಲುವಾಗಿ? ಆರತಿ ಬಟ್ಟಲು ತೊಳೆದಿಟ್ಟಳು. ಅವನು ಹೇಳಿದ್ದನ್ನು ಅವಳು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಗಂಡನ ಬಾಯಲ್ಲಿ ಕೇಳಿದ ಮೇಲೆ ಅದು ಇನ್ನಷ್ಟು ಸರಿ ಎನಿಸಿತು, ಇನ್ನಷ್ಟು ಸಿಟ್ಟೂ ಬಂತು.

ಶನಿವಾರ ಅವರು ಊರಿಗೆ ಹೊರಟರು. ಭಾಲ್ಕಿಯಲ್ಲಿ ಇಳಿದು ಖಟಕ ಚಿಂಚೋಳಿಯ ಬಸ್ಸು ಹಿಡಿಯಬೇಕು. ಬಸ್ ಸ್ಟ್ಯಾಂಡಿನಲ್ಲಿ ಆರತಿ ಕಲ್ಲಿನ ಬೆಂಚುಗಳನ್ನು ನೋಡಿದಳು. ನಾಳೆ ತನ್ನ ತಮ್ಮ ಇವುಗಳಲ್ಲಿ ಯಾವುದರ ಮೇಲೆ ಕೂರುತ್ತಾನೆ, ಆ ಹೊತ್ತಿಗೆ ಯಾವುದಕ್ಕೆ ನೆರಳಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದವಳು, ತಟ್ಟನೆ ಫೋನು ತೆಗೆದು ಅವನಿಗೆ ಹೇಳಿದಳು: ಭಾಲ್ಕಿಯಲ್ಲಿ ಕೂರಬೇಡ, ಗೇಟಿನ ತನಕವಾದರೂ ಬಾ, ನಿನ್ನನ್ನು ನಾನು ಕಣ್ಣಿನಿಂದ ನೋಡಬೇಕು. ಅವನು, ಔರಾದಿನಿಂದ ಮುಂಜಾನೆ ಎಷ್ಟಕ್ಕೆ ಬಸ್ಸಿದೆ ನೋಡುತ್ತೇನೆ ಎಂದ.

ಮಧ್ಯಾಹ್ನ ಊಟವಾದ ಮೇಲೆ ಗಂಡಸರು ಕುರಿಹಟ್ಟಿಯ ಕಡೆ ಹೋದರು. ಪಡಸಾಲೆಯಲ್ಲಿ ಆರತಿ ಗುಗ್ಗರಿಯ ಕಡಲೆ ಹಸನು ಮಾಡಲು ಕೂತಳು. ಗಂಗುಬಾಯಿ ಆಯಿ ಎದುರು ಕೂತರು. ಅವರ ಕಣ್ಣಿಗೆ ಹರಳು ಕಾಣುತ್ತಿರಲಿಲ್ಲ. ಬೆರಳಿಗೆ ಸಿಕ್ಕದ್ದನ್ನು ತೆಗೆದು ಬದಿಗಿಡುತ್ತಿದ್ದರು, ಅದರಲ್ಲಿ ಅರ್ಧ ಕಡಲೆಯೇ ಇರುತ್ತಿತ್ತು. ಸಿದ್ದೇಶ್ವರಿ ಆ ಕಡಲೆಗಳನ್ನು ಆರಿಸಿ ಮತ್ತೆ ಮೊರಕ್ಕೆ ಹಾಕುತ್ತಿದ್ದಳು. ಕೂಸು ಆಯಿಯ ಕಾಲ ಮೇಲೆ ಮಲಗಿತ್ತು.

ಆರತಿ ಏನೂ ಹೇಳಬಾರದೆಂದು ನಿರ್ಧರಿಸಿಕೊಂಡೇ ಬಂದಿದ್ದಳು. ಕೇಳುವುದಕ್ಕೆ ಅಡ್ಡಿಯಿಲ್ಲ ಎಂದು ಈಗ ಅನಿಸಿತು.

"ಆಯಿ, ಈ ಹಾಡ ಯಾರ ಕಡಿಂದ ಕಲ್ತೀರಿ?"

"ನಮ್ಮವ್ವ ಹಾಡ್ತಿದ್ದಳು," ಎಂದರು ಆಯಿ. ಒಂದು ಹರಳನ್ನು ಬೆರಳ ತುದಿಯಲ್ಲಿ ಉರುಳಿಸಿ ನೋಡಿದರು. "ಅಕಿ ತಪ್ಪ ಹಾಡ್ತಿದ್ದಳು."

"ತಪ್ಪ ಅಂದ್ರ ಹ್ಯಾಂಗರಿ?"

"ಪ್ಲೇಟಿನಂಗ ಇರಲಿಲ್ಲ."

ಆರತಿಯ ಕೈ ಮೊರದಲ್ಲೇ ನಿಂತಿತು. ಆಯಿಯ ಮುಖದಲ್ಲಿ ಅಳುಕಿರಲಿಲ್ಲ, ಗುಟ್ಟು ಬಿಟ್ಟುಕೊಟ್ಟವರ ಗತ್ತೂ ಇರಲಿಲ್ಲ. ಈ ಮನೆಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ.

ಆಯಿ ಸಣ್ಣವರಿದ್ದಾಗ ತವರೂರಿನ ಪಟೇಲರ ಮನೆಯ ಮದುವೆಗೆ ಹಾಡುವ ಡಬ್ಬಿ ಬಂದಿತ್ತು. ಊರ ಹೆಂಗಸರೆಲ್ಲ ಸುತ್ತ ಕೂತರು. ತಮ್ಮದೇ ತೊಟ್ಟಿಲ ಹಾಡು ಡಬ್ಬಿಯಿಂದ ಬಂದಾಗ ಕೆಲವರು ಎದ್ದು ಕೈಮುಗಿದರು. ನಡುವೆ ಹಾಡು ನಿಂತಿತು, ಡಬ್ಬಿಯವನು ಪ್ಲೇಟು ತಿರುವಿದ. ಪಟೇಲರ ಹಿರಿಸೊಸೆಗೆ ಏನನ್ನಿಸಿತೋ, ತೊಟ್ಟಿಲಲ್ಲಿದ್ದ ತನ್ನ ಕೂಸನ್ನೂ ತಿರುವಿ ಹಾಕಿದಳು. ತಿರುವಿದ ಮೇಲೇ ಹಾಡು ಮುಂದೆ ಹೋಯಿತು. ಅದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು, ಇಲ್ಲವೆನ್ನಲು ಬರುವಂತಿರಲಿಲ್ಲ. ಆ ದಿನದಿಂದ ಊರಲ್ಲಿ ಹಾಡು ಹಾಗೇ ಆಯಿತು. ಆಯಿಯ ಅವ್ವ ಮಾತ್ರ ಹಳೆಯ ರೀತಿಯಲ್ಲೇ ಹಾಡುತ್ತಿದ್ದಳು. ಸೊಸೆಯಂದಿರು, ನೆರೆಯವರು ನಡುವೆ ತಡೆದು ತಿದ್ದುತ್ತಿದ್ದರು. ಮುದುಕಿಗೆ ಮರೆವು ಬರಬಹುದು, ಡಬ್ಬಿಗೆ ಬರುವುದಿಲ್ಲ ಎನ್ನುತ್ತಿದ್ದರು. ಅವ್ವ ಒಪ್ಪಲಿಲ್ಲ. ಆಮೇಲೆ ಪಟೇಲರ ಮನೆಗೆ ರೇಡಿಯೋ ಬಂತು. ಒಂದು ದಿನ ಹೈದರಾಬಾದಿನಿಂದ ಅದೇ ಹಾಡು ಬಂತು, ಪ್ಲೇಟಿನಲ್ಲಿದ್ದಂತೆಯೇ. ಹೈದರಾಬಾದಿನವರೂ ಹಾಗೇ ಹಾಡಿದ ಮೇಲೆ ಅವ್ವನ ಕಡೆ ಯಾರೂ ಉಳಿಯಲಿಲ್ಲ.

"ಅವತ್ತಿಂದ ನಮ್ಮವ್ವ ಬಾಯಿ ತೆರೀಲಿಲ್ಲ. ನನಗ ಹಾಡಂದ್ರು. ನಾ ಪ್ಲೇಟಿನಂಗ ಹಾಡಿದೆ. ಎಲ್ಲಾರೂ ಚೊಲೋ ಹಾಡ್ತಾಳ ಅಂದ್ರು," ಎಂದರು ಆಯಿ.

ಆರತಿಗೆ ಈಗ ಹೆದರಿಕೆ ಕಳೆಯಿತು. ಆಯಿಗೆ ಮುಚ್ಚಿ ಇಡಬೇಕಾದ್ದೇನೂ ಇರಲಿಲ್ಲ. ಹಾಗಿದ್ದ ಮೇಲೆ ತನ್ನ ಮಾತನ್ನು ಹೇಳಲು ತಡವೇಕೆ? ಅವಳು ಧೈರ್ಯ ಮಾಡಿ, ಬಹಳ ಮರ್ಯಾದೆಯಿಂದ ಹೇಳಿದಳು. ಹಾಗಿದ್ದರೆ ಇದು ದೇವರ ಕಟ್ಟಳೆಯಲ್ಲ, ಪ್ಲೇಟಿನ ಕಟ್ಟಳೆ. ನಾಳೆ ಓಂಪ್ರಕಾಶ ಒಳಗೆ ಬಂದರೆ ಏನೂ ಆಗಲಾರದು. ಆಯಿ ಹ್ಞೂಂ ಎಂದರೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ.

ಆಯಿ ಕೂಸಿನ ಅಂಗಾಲನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

"ನನಗೂ ಒಬ್ಬ ತಮ್ಮ ಇದ್ದ. ಮಡೆಪ್ಪನ ಹೆಸರಿಡೋ ದಿನ ಇದೇ ಗೇಟಿನ ಹೊರಗ ನಿಂತಿದ್ದ. ಆಗ ಗೇಟಿರಲಿಲ್ಲ, ಮುಳ್ಳಬೇಲಿ ಇತ್ತು. ನಾ ಒಳಗ ಹಾಡ್ಲತ್ತಿದ್ದೆ. ಹಾಡಿನಾಗ ಅವನಿಗಿ ದಾರಿ ಇರಲಿಲ್ಲ. ಮುಂದ ಅಂವ ನಮ್ಮ ಮನಿಗಿ ಬರಲಿಲ್ಲ. ತವರಿನಾಗೇ ಸತ್ತ."

ಆಯಿಯ ಹೆಬ್ಬೆರಳು ಕೂಸಿನ ಇನ್ನೊಂದು ಅಂಗಾಲಿಗೆ ಹೋಯಿತು.

"ಈಗ ನಿನ್ನ ತಮ್ಮನ್ನ ಒಳಗ ಕರೀತೀನಿ, ತಂಗಿ. ನನ್ನ ತಮ್ಮಗ ಏನ್ ಹೇಳ್ಲಿ? ಸುಮ್ಮ ನಿಂದ್ರಸಿದ್ದೆ ಅನ್ಲೇನು?"

ಆಯಿಯನ್ನು ಕಾಪಾಡಬೇಕಾದದ್ದು ಪ್ಲೇಟಿನಿಂದಲ್ಲ, ಬೇಲಿಯ ಹೊರಗೆ ನಿಂತ ಒಬ್ಬ ಮನುಷ್ಯನಿಂದ ಎಂಬುದು ಆರತಿಗೆ ಈ ತನಕ ಗೊತ್ತಿರಲಿಲ್ಲ. ಅವಳು ಕಡಲೆ ಹಸನು ಮಾಡತೊಡಗಿದಳು. ಸಿದ್ದೇಶ್ವರಿ ಕೈಯಲ್ಲಿದ್ದ ಕಡಲೆಗಳನ್ನು ಮೊರಕ್ಕೆ ಹಾಕಿ, ಆಯಿಯ ಮುಖ ನೋಡಿ, ಏನೋ ಹೇಳಲು ಹೋದಳು. ಆರತಿ ತುಟಿಯ ಮೇಲೆ ಬೆರಳಿಟ್ಟಳು. ಇನ್ನು ಆ ವಿಷಯ ಮುಗಿಯಿತು ಎಂಬ ಅರ್ಥದಲ್ಲಿ ಆಯಿಯೂ, ನಾಳೆಯ ಸೊಪ್ಪು ಬಿಡಿಸಿಟ್ಟಾಗಿದೆಯೇ ಎಂದು ಕೇಳಿದರು.

ರವಿವಾರ ಮುಂಜಾನೆ ಮನೆ ತುಂಬ ಹೆಂಗಸರು. ಮಡೆಪ್ಪನವರು ಮೀಸೆಗೆ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಜಮಖಾನೆ ಹಾಸಿಸುತ್ತಿದ್ದರು. ಕಿರಾಣಿಯವನು ಹೋದ ಸಲದಂತೆಯೇ ಬೀದರದ ಮಾವನಾಗಲು ಬಂದಿದ್ದ, ಈಗ ಅವನಿಗೆ ಅದು ಹುದ್ದೆಯ ಹಾಗೇ ಆಗಿತ್ತು. ಭಾಲ್ಕಿಯ ಮಾವನಾಗಬೇಕಿದ್ದವನು ನಿಜವಾಗಿಯೂ ಭಾಲ್ಕಿಗೆ ಹೋಗಿ ಬರುವುದು ತಡವಾಗಿ, ಎಲ್ಲರೂ ಅವನಿಗಾಗಿ ಕಾದರು. ಆ ಹೊತ್ತಿನಲ್ಲಿ ಓಂಪ್ರಕಾಶ ಬಂದ. ಯಾರೂ ಹೇಳುವ ಮೊದಲೇ ಗೇಟಿನ ಹೊರಗೆ ನಿಂತ. ಈ ಸಲ ಹೊಸ ಅಂಗಿ ಹಾಕಿರಲಿಲ್ಲ. ಕೈಯಲ್ಲಿ ಏನೂ ಕಾಣಲಿಲ್ಲ, ಜೇಬು ಮಾತ್ರ ಸ್ವಲ್ಪ ಉಬ್ಬಿತ್ತು. ಸಂಜುಕುಮಾರ ಹೋಗಿ ಅವನ ಪಕ್ಕ ನಿಂತ. ಇಬ್ಬರೂ ರಸ್ತೆಯ ಕಡೆ ನೋಡುತ್ತ ಬಸ್ಸಿನ ವಿಷಯ ಮಾತಾಡಿದರು.

ಪಡಸಾಲೆಯ ಬಾಗಿಲು ತೆರೆದೇ ಇತ್ತು. ಆರತಿ ಕೂತಲ್ಲಿಂದ ಗೇಟು ನೇರವಾಗಿ ಕಾಣುತ್ತಿತ್ತು. ತಮ್ಮನ ತಲೆಯ ಮೇಲೆ ಬಿಸಿಲಿತ್ತು.

ಗಂಗುಬಾಯಿ ಆಯಿ ತೊಟ್ಟಿಲ ಹಗ್ಗ ಹಿಡಿದರು. ಅವರಿಗೆ ಗೇಟಿನಷ್ಟು ದೂರ ಕಾಣುತ್ತಿರಲಿಲ್ಲ, ಆದರೂ ಮುಖ ಆ ಕಡೆಗೇ ಇತ್ತು. ಹಾಡಿದರು. ಬೀದರದ ಮಾವ ಕುಲಾಯಿ ತಂದ, ಕಿರಾಣಿಯವನು ಅದನ್ನು ತೊಟ್ಟಿಲಿಗಿಟ್ಟ. ಭಾಲ್ಕಿಯ ಮಾವ ಉಡದಾರ ತಂದ. ಹಾಡು ನಿಂತಿತು, ಹೆಂಗಸರು ಕೂಸನ್ನು ತಿರುವಿ ಹಾಕಿದರು, ಹಾಡು ಮುಂದೆ ಹೋಯಿತು. ಔರಾದಿನ ಮಾವ ನಡೆಯುತ್ತ ನಡೆಯುತ್ತ ಮಾಂಜ್ರಾದ ದಂಡೆಗೆ ಬಂದು ನಿಂತ. ಕೂಸಿನ ಕಿವಿಯಲ್ಲಿ ಚಂದಾಬಾಯಿ ಎಂದರು, ಆಮೇಲೆ ಶಿವರಾಜ ಎಂದರು. ಕೂಸು ಎರಡಕ್ಕೂ ಒಂದೇ ತರಹ ನೋಡಿತು.

ಹೆಂಗಸರು ಗುಗ್ಗರಿಯ ಕಡೆ ತಿರುಗಿದರು. ಆಯಿ ಹಗ್ಗ ಬಿಟ್ಟಿರಲಿಲ್ಲ. ಅವರ ಬಾಯಿ ಇನ್ನೂ ಚೂರು ತೆರೆದಿತ್ತು, ಮುಂದಿನ ಸಾಲಿಗೆ ಉಸಿರು ತೆಗೆದುಕೊಂಡವರ ಹಾಗೆ. ಆರತಿ ಇದನ್ನು ಹೋದ ಸಲ ನೋಡಿರಲಿಲ್ಲ. ನೋಡಿದ್ದರೂ ಮುಪ್ಪು ಎಂದುಕೊಳ್ಳುತ್ತಿದ್ದಳು.

ಸಿದ್ದೇಶ್ವರಿಯೂ ಅದನ್ನೇ ನೋಡುತ್ತಿದ್ದಳು. ತೊಟ್ಟಿಲ ಕಾಲು ಹಿಡಿದು ನಿಂತಿದ್ದವಳು ಅವ್ವನ ಕಡೆ ತಿರುಗಿದಳು. ಒಂದು ವಾರದಿಂದ ಒಂದು ಮಾತನ್ನು ಹೊತ್ತುಕೊಂಡು ತಿರುಗಿದ ಮುಖ ಅದು. ಅದೇನೆಂದು ತಾನು ಒಮ್ಮೆಯೂ ಕೇಳಿಲ್ಲ ಎಂಬುದು ಆರತಿಗೆ ಆಗ ಹೊಳೆಯಿತು. ಅವಳ ಬೆರಳು ತುಟಿಯ ತನಕ ಏಳಲಿಲ್ಲ. ಅವಳು ಕೂಸಿನ ಕುಲಾಯಿ ಸರಿಮಾಡುವ ನೆವದಲ್ಲಿ ತಲೆ ತಗ್ಗಿಸಿದಳು.

ಸಿದ್ದೇಶ್ವರಿ ಆಯಿಯ ಹಗ್ಗದ ಕೈ ಮೇಲೆ ತನ್ನ ಕೈ ಇಟ್ಟಳು.

"ಆಯಿ, ನಿಮ್ಮವ್ವ ಹಾಡೋವಾಗ ಔರಾದಿನ ಮಾವ ಹೊಳಿ ದಾಟಿ ಒಳಗ ಬರ್ತಿದ್ದನೇನ್ರಿ?"